ಕ್ರೋನ್ಸ್ ಕಾಯಿಲೆಯಲ್ಲಿ ಪ್ರಾಣಕ್ಕೆ ಅಪಾಯ ಬರುವುದು ಯಾವಾಗ?

ಕ್ರೋನ್ಸ್ ಕಾಯಿಲೆ (ಕರುಳಿನಲ್ಲಿ ದೀರ್ಘಕಾಲ ಉಳಿಯುವ ಉರಿಯೂತ) ಇರುವ ನಿಮ್ಮ ತಮ್ಮನ ಪ್ರಾಣಕ್ಕೆ ಅಪಾಯವಿದೆಯೇ, ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಹಲವು ವರ್ಷಗಳಿಂದ ಇದೇ ಕಾಯಿಲೆಯೊಂದಿಗೆ ಬದುಕುತ್ತಿದ್ದೇನೆ. ಸರಿಯಾದ ಚಿಕಿತ್ಸೆಯಿದ್ದರೆ ಹೆಚ್ಚಿನವರು ಬಹುಕಾಲ ಬಾಳುತ್ತಾರೆ, ಆದರೆ ಕೆಲವು ತೊಡಕುಗಳು ಬೇಗನೆ ಜೀವಕ್ಕೆ ಎರವಾಗಬಲ್ಲವು.

ಈ ಕಾಯಿಲೆಯ ಉರಿಯೂತವು ಕರುಳಿನ ಒಳಪೊರೆಯಲ್ಲಷ್ಟೇ ನಿಲ್ಲದೆ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುವುದರಿಂದ, ಕರುಳು ಕಲೆಗಟ್ಟಿ ಕಿರಿದಾಗಬಹುದು, ಇಲ್ಲವೇ ತೂತಾಗಿ ಹೊಟ್ಟೆಯೊಳಗೆ ಕೀವು ತುಂಬಬಹುದು. ನನ್ನ ಕರುಳು ಕಿರಿದಾಗಿದ್ದಾಗ ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬಿ ಗುಡುಗುಡು ಸದ್ದಾಗುತ್ತಿತ್ತು, ನೋವು ಬಿಟ್ಟು ಬಿಟ್ಟು ಬರುತ್ತಿತ್ತು, ಕೈಯಿಟ್ಟರೆ ಒಳಗೇನೋ ಗಟ್ಟಿಯಾಗಿ ಎದ್ದು ಇಳಿಯುವುದು ತಿಳಿಯುತ್ತಿತ್ತು. ಇದರ ಜೊತೆಗೆ ವಾಂತಿ ನಿಲ್ಲದೆ, ಮಲವಾಗಲಿ ಗಾಳಿಯಾಗಲಿ ಹೋಗದಿದ್ದರೆ ಕರುಳು ಕಟ್ಟಿಕೊಂಡಿದೆ ಎಂದೇ ಭಾವಿಸಿ ಆ ಕ್ಷಣವೇ ಹೊರಡಬೇಕು.

ಕರುಳು ತೂತಾದಾಗ ಸಾಮಾನ್ಯವಾಗಿ ತಡೆಯಲಾರದ ನೋವು, ಜ್ವರ, ಹಲಗೆಯಂತೆ ಬಿಗಿದ ಹೊಟ್ಟೆ ಕಾಣಿಸುತ್ತವೆ. ಆದರೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ ಈ ಲಕ್ಷಣಗಳು ಮಂಕಾಗಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಮನೆಯವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಇದೇ. ಜ್ವರ ಅಷ್ಟಾಗಿ ಇಲ್ಲದಿದ್ದರೂ ನಾಡಿ ವೇಗವಾಗಿ ಬಡಿಯುತ್ತಿದ್ದರೆ, ಮಾತು ತೊದಲಿದರೆ, ಮೂತ್ರ ಕಡಿಮೆಯಾದರೆ, ಸೋಂಕು ರಕ್ತಕ್ಕೆ ಹರಡಿರುವ ಸಾಧ್ಯತೆಯಿದೆ. ಹಾಗೆಂದು ಹೆದರಿ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು: ಅದರಿಂದ ರಕ್ತದೊತ್ತಡ ಕುಸಿದು ಮತ್ತೊಂದು ಪ್ರಾಣಾಪಾಯ ಎದುರಾಗಬಹುದು.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಅಪಾಯವೆಂದರೆ ರಕ್ತ ಹೆಪ್ಪುಗಟ್ಟುವುದು. ಕಾಯಿಲೆ ಉಲ್ಬಣಿಸಿದಾಗ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋಯತೊಡಗಿದರೆ, ಹೊಟ್ಟೆಗೆ ಸಂಬಂಧವಿಲ್ಲವೆಂದು ಸುಮ್ಮನಿರಬೇಡಿ. ಧಾರಾಳವಾಗಿ ರಕ್ತ ಹೋಗುವುದೂ, ದೊಡ್ಡ ಕರುಳು ಉಬ್ಬಿ ನಿಷ್ಕ್ರಿಯವಾಗುವುದೂ ಅಪರೂಪವಾದರೂ ತುರ್ತಿನವೇ.

ನಿಧಾನವಾಗಿ ಬೆಳೆಯುವ ಅಪಾಯವೂ ಉಂಟು. ದೊಡ್ಡ ಕರುಳಿಗೆ ಕಾಯಿಲೆ ತಗುಲಿದ್ದರೆ ಕ್ಯಾನ್ಸರ್ ಸಾಧ್ಯತೆ ಹೆಚ್ಚುವುದರಿಂದ, ಕಾಯಿಲೆ ಶುರುವಾದ ಸುಮಾರು 8 ವರ್ಷಗಳ ನಂತರ ನಿಯಮಿತವಾಗಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿಂದ ನೋಡುವ ಪರೀಕ್ಷೆ) ಮಾಡಿಸಲು ವೈದ್ಯರು ಹೇಳುತ್ತಾರೆ. ಈ ಕಾಯಿಲೆಗೆ ಕೊಡುವ, ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇನ್‌ಫ್ಲಿಕ್ಸಿಮಾಬ್‌ನಂಥ ಔಷಧಿಗಳಿಂದ ಅಡಗಿರುವ ಕ್ಷಯ ಮರುಕಳಿಸಬಹುದಾದ್ದರಿಂದ ಮೊದಲೇ ಅದರ ಪರೀಕ್ಷೆಯಾಗಿರಬೇಕು.

ನಿಮ್ಮ ತಮ್ಮ ತೆಗೆದುಕೊಳ್ಳುವ ಔಷಧಿಗಳ ಹೆಸರು, ಪ್ರಮಾಣ, ಆಗಿರುವ ಶಸ್ತ್ರಚಿಕಿತ್ಸೆಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ತುರ್ತು ವಿಭಾಗದಲ್ಲಿ ಮೊದಲು ಸಿಗುವ ವೈದ್ಯರ ಕೈಗೇ ಅದನ್ನು ಕೊಡಿ.