ನಗೆ ಧಾರಾವಾಹಿಯಲ್ಲಿ ನಗು ಯಾರ ಮೇಲೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಳೆಯ ಕೌಟುಂಬಿಕ ಹಾಸ್ಯ ಧಾರಾವಾಹಿಗಳು ಗರ್ಭಪಾತ, ಅತ್ಯಾಚಾರ, ವರ್ಣದ್ವೇಷದಂತಹ ವಿಷಯಗಳನ್ನು ಇಂದಿನವುಗಳಿಗಿಂತ ಧೈರ್ಯವಾಗಿ ಎತ್ತಿಕೊಳ್ಳುತ್ತಿದ್ದವು ಎಂದು ನನ್ನ ಮಗಳು ವಾದಿಸುತ್ತಾಳೆ. ಆ ಕಾಲದಲ್ಲಿ ಇಂಥದ್ದನ್ನೆಲ್ಲ ಮುಚ್ಚಿಡುತ್ತಿದ್ದರು ಎಂಬುದು ನನ್ನ ನೆನಪು. ಯಾರ ಮಾತು ಸರಿ?
– ಓದುಗರೊಬ್ಬರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ನಿಮ್ಮ ಮಗಳು ಅಮೆರಿಕದ ಧಾರಾವಾಹಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿರಬೇಕು, ನೀವು ನಮ್ಮ ದೂರದರ್ಶನವನ್ನು. ಹಾಗೆ ನೋಡಿದರೆ ಇಬ್ಬರ ಮಾತಿನಲ್ಲೂ ಹುರುಳಿದೆ.

1972ರ ನವೆಂಬರ್‌ನಲ್ಲಿ ಅಮೆರಿಕದ ‘ಮಾಡ್’ ಎಂಬ ಹಾಸ್ಯ ಧಾರಾವಾಹಿಯ ಎರಡು ಕಂತುಗಳಲ್ಲಿ, 47ರ ವಯಸ್ಸಿನಲ್ಲಿ ಗರ್ಭಿಣಿಯಾದ ನಾಯಕಿ ಗಂಡನೊಡನೆ ಮಾತನಾಡಿ ಗರ್ಭಪಾತವನ್ನು ಆಯ್ದುಕೊಳ್ಳುತ್ತಾಳೆ. ಗರ್ಭಪಾತವನ್ನು ಹಕ್ಕೆಂದು ಒಪ್ಪಿದ ಆ ದೇಶದ ಸುಪ್ರೀಂ ಕೋರ್ಟಿನ ಪ್ರಸಿದ್ಧ ತೀರ್ಪು ಬಂದದ್ದು ಅದರ ನಂತರ, 1973ರ ಜನವರಿಯಲ್ಲಿ. ಆದರೆ ಕಥೆ ನಡೆಯುವ ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನು ಆಗಲೇ ಅನುಮತಿ ನೀಡಿತ್ತು. ಕಂತುಗಳು ಮರುಪ್ರಸಾರವಾದಾಗ ಹಲವು ಸ್ಥಳೀಯ ಕೇಂದ್ರಗಳು ತೋರಿಸಲು ಒಪ್ಪಲಿಲ್ಲ. ನಮ್ಮಲ್ಲಿ ವೈದ್ಯಕೀಯ ಗರ್ಭಪಾತದ ಕಾಯ್ದೆ 1971ರಲ್ಲೇ ಅಂಗೀಕಾರವಾಗಿ 1972ರ ಏಪ್ರಿಲ್‌ನಿಂದ ಜಾರಿಯಲ್ಲಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಾನೂನಿನಲ್ಲಿ ನಾವು ಹಿಂದೆ ಬಿದ್ದಿರಲಿಲ್ಲ, ಆದರೂ ಆ ಮಾತು ನಮ್ಮ ಮನೆಗಳಲ್ಲಿ ಅಡುಗೆಮನೆಯ ಪಿಸುಮಾತಾಗಿಯೇ ಉಳಿಯಿತು, ಪಡಸಾಲೆಯ ಟಿ.ವಿ.ಗೆ ಬರಲಿಲ್ಲ.

ಆದರೆ ವಿಷಯವನ್ನು ಎತ್ತಿಕೊಂಡದ್ದಷ್ಟರಿಂದಲೇ ಒಂದು ಧಾರಾವಾಹಿ ದೊಡ್ಡದಾಗುವುದಿಲ್ಲ. ನಗು ಯಾರ ಮೇಲೆ ಬೀಳುತ್ತದೆ, ನೋವು ಯಾರಿಗೆ ಉಳಿಯುತ್ತದೆ ಎಂಬುದನ್ನು ನೋಡಬೇಕು. 1971ರಲ್ಲಿ ಆರಂಭವಾದ ‘ಆಲ್ ಇನ್ ದ ಫ್ಯಾಮಿಲಿ’ಯ 1977ರ ಕಂತೊಂದನ್ನೇ ತೆಗೆದುಕೊಳ್ಳಿ. ಮನೆಯೊಡತಿ ಈಡಿತ್‌ಳ ಐವತ್ತನೆಯ ಹುಟ್ಟುಹಬ್ಬಕ್ಕೆ ಪಕ್ಕದ ಮನೆಯಲ್ಲಿ ಅವಳಿಗೆ ಗೊತ್ತಿಲ್ಲದಂತೆ ಸಿದ್ಧತೆ ನಡೆದಿರುತ್ತದೆ. ಅಷ್ಟರಲ್ಲಿ ಪತ್ತೇದಾರನೆಂದು ಹೇಳಿಕೊಂಡು ಮನೆಯೊಳಗೆ ಬಂದ ಅಪರಿಚಿತ ಅವಳ ಮೇಲೆ ಅತ್ಯಾಚಾರಕ್ಕೆ ಮುಂದಾಗುತ್ತಾನೆ. ಒಲೆಯಲ್ಲಿ ಕೇಕು ಸೀದ ವಾಸನೆ ಬರುತ್ತದೆ. ಆ ಸುಡುವ ಕೇಕನ್ನೇ ಅವನ ಮುಖಕ್ಕೊತ್ತಿ ಅವಳು ಪಾರಾಗುತ್ತಾಳೆ. ಸ್ಟುಡಿಯೋದಲ್ಲಿ ಕುಳಿತ ಪ್ರೇಕ್ಷಕರು ಹರ್ಷೋದ್ಗಾರ ಮಾಡುತ್ತಾರೆ. ಸಾಧಾರಣ ಬರಹಗಾರರಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದರು. ಇಲ್ಲಿ ಮಾತ್ರ ಮುಂದಿನ ಭಾಗ ಪೂರ್ತಿ ಅವಳ ಭಯಕ್ಕೇ ಮೀಸಲಾಗಿದೆ. ಪೊಲೀಸರ ಬಳಿ ಹೋಗಿ ಅವನನ್ನು ಗುರುತಿಸಲು ಅವಳಿಗೆ ಧೈರ್ಯ ಬರುವುದಿಲ್ಲ; ಮಗಳು ಸಿಟ್ಟಾಗುತ್ತಾಳೆ; ಗಂಡನಿಗೆ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ. ವರ್ಷಗಟ್ಟಲೆ ನೋಡಿ ನಗುತ್ತಾ ಬಂದ ಹೆಂಗಸಿಗೇ ಇದು ಆದದ್ದರಿಂದ ನೋಡುವವರು ಅದನ್ನು ಯಾರೋ ಬೇರೆಯವರ ಕಥೆಯೆಂದು ತಳ್ಳಿಹಾಕುವಂತಿರಲಿಲ್ಲ. ಹಳೆಯ ಧಾರಾವಾಹಿಗಳ ನಿಜವಾದ ಬಲ ಇದೇ ಎಂದು ನಾನು ನಂಬುತ್ತೇನೆ.

ಅವುಗಳ ಮಿತಿಯನ್ನೂ ಹೇಳಬೇಕು. ಅದೇ ಧಾರಾವಾಹಿಯಲ್ಲಿ ಈಡಿತ್‌ಳ ಗಂಡ ಆರ್ಚಿ ಬಂಕರ್ ಜನಾಂಗದ್ವೇಷಿ. ಅವನ ಮಾತು ಎಷ್ಟು ಪೊಳ್ಳೆಂದು ತೋರಿಸುವುದೇ ಅಲ್ಲಿನ ಹಾಸ್ಯದ ಉದ್ದೇಶವಾಗಿತ್ತು. ಆದರೆ ಪೂರ್ವಗ್ರಹವುಳ್ಳ ವೀಕ್ಷಕರು ಅವನನ್ನು ತಮ್ಮವನೆಂದೇ ಮೆಚ್ಚಿಕೊಂಡರೆಂದು 1974ರ ಅಧ್ಯಯನವೊಂದು ಕಂಡುಕೊಂಡಿತು. ನಮ್ಮಲ್ಲೂ ಹೀಗೇ ಆಯಿತು. 1984ರಲ್ಲಿ ಆರಂಭವಾದ ‘ಹಮ್ ಲೋಗ್’ ಹಾಸ್ಯ ಧಾರಾವಾಹಿಯಲ್ಲ, ಆದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿದ್ದು. ಅದರಲ್ಲಿ ಎಲ್ಲವನ್ನೂ ಸಹಿಸಿಕೊಳ್ಳುವ ತಾಯಿ ಭಾಗವಂತಿಯನ್ನು, ಹೆಂಗಸರು ಹೀಗಿರಬಾರದು ಎಂಬುದಕ್ಕೆ ಉದಾಹರಣೆಯಾಗಿ ರೂಪಿಸಲಾಗಿತ್ತು. ಕಂತಿನ ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ತಿಳಿಹೇಳುತ್ತಿದ್ದರು ಸಹ. ಆದರೂ ಗಣನೀಯ ಸಂಖ್ಯೆಯ ವೀಕ್ಷಕರು, ಹೆಂಗಸರೂ ಸೇರಿ, ಅವಳನ್ನೇ ಅನುಕರಿಸಬೇಕಾದ ಆದರ್ಶವೆಂದು ಹೇಳಿದರು. ಹೆಂಗಸಿನ ಸಹನೆಯನ್ನು ಗುಣವೆಂದೇ ಹಾಡಿಹೊಗಳುವ ಮನೆಗೆ ಆ ಪಾತ್ರ ಬೇರೆ ರೀತಿ ಕಾಣುವುದಾದರೂ ಹೇಗೆ?

ಇಂದಿನ ಸಂಗತಿ ಬೇರೆ. 2016ರಲ್ಲಿ ಅಮೆರಿಕದ ‘ಬ್ಲ್ಯಾಕಿಶ್’ ಧಾರಾವಾಹಿಯ ಒಂದು ಕಂತು, ಪೊಲೀಸರ ದೌರ್ಜನ್ಯದ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡುತ್ತಾ ಕುಳಿತ ಕಪ್ಪು ಕುಟುಂಬ ಮಕ್ಕಳಿಗೆ ಏನೆಂದು ಹೇಳಬೇಕು ಎಂಬುದರ ಸುತ್ತಲೇ ನಡೆಯಿತು. ಅಲ್ಲಿ ಅಜ್ಜ, ಅಜ್ಜಿ, ತಂದೆ, ತಾಯಿ, ಯಾರೂ ಒಂದೇ ಮಾತಿಗೆ ಬರುವುದಿಲ್ಲ. ಇದು ಹಳೆಯ ಧಾರಾವಾಹಿಗಳಲ್ಲಿ ಅಪರೂಪ, ಏಕೆಂದರೆ ಅಂದು ಬಹಳಷ್ಟು ಬಾರಿ ನೊಂದವರ ಪರವಾಗಿ ಮತ್ತೊಬ್ಬರು ಮಾತನಾಡುತ್ತಿದ್ದರು. ಈಗ ನೊಂದವರೇ ತಮ್ಮ ಮನೆಯಲ್ಲಿ ಜಗಳವಾಡುತ್ತಾರೆ. ನಮ್ಮಲ್ಲಿ ಆರ್.ಕೆ. ಲಕ್ಷ್ಮಣರ ಪಾತ್ರಗಳನ್ನಾಧರಿಸಿ 1988ರಲ್ಲಿ ಬಂದ ‘ವಾಗ್ಲೆ ಕಿ ದುನಿಯಾ’ 2021ರಲ್ಲಿ ಹೊಸ ತಲೆಮಾರಿನ ಕಥೆಯಾಗಿ ಮರಳಿತು. ಹಳೆಯ ವಾಗ್ಲೆ ಅಂಜುಬುರುಕ ಗುಮಾಸ್ತ. ಅವನ ತಳಮಳದಿಂದಲೇ ನಮಗೆ ವಿಷಯ ತಿಳಿಯುತ್ತಿತ್ತು. ಹೊಸದರಲ್ಲಿ ವಿಷಯಗಳು ಹೆಚ್ಚು ನೇರವಾಗಿ ಬರುತ್ತವೆ, ಉಪದೇಶವೂ ಹೆಚ್ಚು. ಪಾತ್ರವೊಂದು ಕ್ಯಾಮೆರಾದ ಕಡೆಗೆ ತಿರುಗಿ ಬುದ್ಧಿ ಹೇಳತೊಡಗಿದರೆ ಮನೆಯವರು ಎದ್ದು ಊಟಕ್ಕೆ ಹೋಗುತ್ತಾರೆ.

ಒಟ್ಟಿನಲ್ಲಿ, ಮಗಳು ಹೇಳುವ ಧೈರ್ಯ ಅಲ್ಲಿ ಇತ್ತು. ನೀವು ಹೇಳುವ ಮೌನ ಇಲ್ಲಿ ಇತ್ತು. ಜಾತಿಯ ವಿಷಯದಲ್ಲಿ ನಮ್ಮ ನಗೆ ಧಾರಾವಾಹಿಗಳು ಇಂದಿಗೂ ಆ ಮೌನವನ್ನು ಬಹುಮಟ್ಟಿಗೆ ಮುರಿದಿಲ್ಲ, ಮತ್ತು ಇದು ನನಗೆ ಬಹಳ ಬೇಸರದ ಸಂಗತಿ.

ಪ್ರಶ್ನೆ: ಟಿ.ವಿ. ಹಾಸ್ಯದಲ್ಲಿ ಮಾನಸಿಕ ಕಾಯಿಲೆಯನ್ನು ಗೇಲಿ ಮಾಡುವುದು ಈಗಲೂ ನಿಂತಿಲ್ಲ. ಇದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೆ?
– ಓದುಗರೊಬ್ಬರು, ಗದಗ

ಉತ್ತರ: ಖಂಡಿತ ತೆಗೆದುಕೊಳ್ಳಬೇಕು. ‘ಇಂವನ್ನ ಧಾರವಾಡಕ್ಕ ಕಳಸಬೇಕ ನೋಡು’ ಎಂಬ ಮಾತನ್ನು ನಮ್ಮ ಭಾಗದಲ್ಲಿ ಕೇಳದವರಿಲ್ಲ, ಎಲ್ಲರೂ ನಗುತ್ತಾರೆ. ಆದರೆ ಇಂದು ಡಿಮ್ಹಾನ್ಸ್ ಆಗಿರುವ ಧಾರವಾಡದ ಆ ಮಾನಸಿಕ ಆಸ್ಪತ್ರೆಗೆ ನಿದ್ರೆಯಿಲ್ಲದ ಮಗಳನ್ನೋ ಖಿನ್ನತೆಗೆ ಒಳಗಾದ ತಮ್ಮನನ್ನೋ ಕರೆತರುವ ಮನೆಯವರು, ಊರಲ್ಲಿ ಮಾತ್ರ ಸಂಬಂಧಿಕರ ಮನೆಗೆ ಹೋಗಿಬರುತ್ತೇವೆಂದು ಹೇಳಿ ಹೊರಡುತ್ತಾರೆ. ಆ ಸುಳ್ಳು ಹೇಳಿಸುವುದು ಇಂಥ ನಗುವೇ. ರೋಗಿಯ ಘನತೆಯನ್ನು ಹಕ್ಕೆಂದು ಒಪ್ಪಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂದಿದೆ. ಹಾಸ್ಯ ಬರೆಯುವವರು ರೋಗಿಯನ್ನು ಬಿಟ್ಟು, ಆ ಸುಳ್ಳು ಹೇಳುವಾಗ ಮನೆಯವರು ಪಡುವ ಪರದಾಟವನ್ನು ಬರೆಯಲಿ. ಅದರಲ್ಲಿ ನಗುವೂ ಇದೆ, ಕಣ್ಣೀರೂ ಇದೆ.

ಪ್ರಶ್ನೆ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಂತಹ ವಿಷಯ ಹಾಸ್ಯ ಧಾರಾವಾಹಿಯಲ್ಲಿ ಬರಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಬಂದಿದೆ. 1983ರಲ್ಲಿ ಅಮೆರಿಕದ ‘ಡಿಫರೆಂಟ್ ಸ್ಟ್ರೋಕ್ಸ್’ ಧಾರಾವಾಹಿಯ ಎರಡು ಕಂತುಗಳಲ್ಲಿ, ಸೈಕಲ್ ಅಂಗಡಿಯವನೊಬ್ಬ ಹುಡುಗರನ್ನು ಹೇಗೆ ಸ್ನೇಹದಿಂದಲೇ ಬಲೆಗೆ ಹಾಕಿಕೊಳ್ಳುತ್ತಾನೆ ಎಂಬುದನ್ನು ತೋರಿಸಿದರು. ಅವನು ರಾಕ್ಷಸನಂತೆ ಕಾಣುವುದಿಲ್ಲ, ಊರಿಗೆಲ್ಲ ಬೇಕಾದವನು. ಇಷ್ಟನ್ನು ಅಂದೇ ಸರಿಯಾಗಿ ತೋರಿಸಿದ್ದು ದೊಡ್ಡದು. ಆದರೆ ಅಪಾಯ ಹತ್ತಿರವಾಗುತ್ತಿರುವ ದೃಶ್ಯಗಳಲ್ಲೂ ಪ್ರೇಕ್ಷಕರ ನಗು ಕೇಳಿಸುತ್ತದೆ. ಇಂದು ಅದನ್ನು ನೋಡಲು ಹಿಂಸೆಯಾಗುತ್ತದೆ. ನಮ್ಮಲ್ಲಿ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಈಗ ಯಾರಾದರೂ ಇದನ್ನು ಕನ್ನಡದಲ್ಲಿ ಮಾಡುವುದಾದರೆ, ಆ ದೃಶ್ಯಗಳಲ್ಲಿ ನಗುವಿನ ಧ್ವನಿಯನ್ನು ಪೂರ್ತಿ ತೆಗೆದುಹಾಕಬೇಕು, ಮತ್ತು ಮಗು ಬಾಯಿಬಿಟ್ಟು ಹೇಳಿದಾಗ ಮನೆಯ ಹಿರಿಯರು ಮೊದಲ ಮಾತಿಗೇ ನಂಬುವುದನ್ನು ತೋರಿಸಬೇಕು.