ದಾರಿ ಮುಚ್ಚದೆ ಔಷಧಿ ಹೊಡೆದರೆ: ಗೆದ್ದಲು, ಜಿರಳೆ, ತಿಗಣೆ, ಇಲಿ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ನಲವತ್ತು ವರ್ಷದ ಹಳೆಯ ಮನೆ. ಬಚ್ಚಲುಮನೆ ಪಕ್ಕದ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆ. ಸೀಮೆಎಣ್ಣೆ ಸುರಿದೆವು, ಅಂಗಡಿಯ ಸ್ಪ್ರೇ ಹೊಡೆದೆವು. ಎರಡು ತಿಂಗಳಿಗೆ ಮತ್ತೆ ಬರುತ್ತದೆ. ಚೌಕಟ್ಟು ಬದಲಿಸಬೇಕೆ?
– ಗೃಹಿಣಿ, ಸಾಗರ

ಉತ್ತರ: ಅದು ಗೆದ್ದಲೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ದುಂಡು ತೂತುಗಳಿದ್ದು, ಕೆಳಗೆ ಮೈದಾದಂಥ ನುಣ್ಣನೆಯ ಪುಡಿ ಬಿದ್ದಿದ್ದರೆ ಅದು ಮರ ಕೊರೆಯುವ ದುಂಬಿ, ಅದರ ಚಿಕಿತ್ಸೆಯೇ ಬೇರೆ. ನೆಲದಿಂದ ಏರುವ ಗೆದ್ದಲು ಹೀಗೆ ಪುಡಿ ಉದುರಿಸುವುದಿಲ್ಲ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಸಾಲು ಕಟ್ಟುತ್ತದೆ, ಮರದ ಒಳಗನ್ನು ತಿಂದು ಆ ಜಾಗಕ್ಕೆ ಮಣ್ಣು ಮೆತ್ತುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಸಾಲನ್ನು ಎರಡಿಂಚು ಕೆರೆದು ಬಿಡಿ. ಎರಡು ಮೂರು ದಿನದಲ್ಲಿ ಹಸಿ ಮಣ್ಣಿನಿಂದ ಮುಚ್ಚಿಕೊಂಡಿದ್ದರೆ ಓಡಾಟ ಇನ್ನೂ ನಡೆದಿದೆ ಎಂದೇ ಅರ್ಥ.

ನೀವು ಇಷ್ಟು ದಿನ ಕೊಂದದ್ದು ಸಾಲಿನಲ್ಲಿ ಓಡಾಡುವ ಕೆಲಸಗಾರ ಹುಳುಗಳನ್ನು ಮಾತ್ರ. ಗೂಡೂ ರಾಣಿಯೂ ಮಣ್ಣಿನಡಿ ಸುರಕ್ಷಿತವಾಗಿವೆ. ಔಷಧಿ ಸೇರಬೇಕಾದದ್ದು ಮಣ್ಣಿಗೆ. ಹಳೆಯ ಕಟ್ಟಡಗಳಿಗೆ ಇದನ್ನು ಹೇಗೆ ಮಾಡಬೇಕೆಂದು ಗೆದ್ದಲು ತಡೆಯ ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗದಲ್ಲಿದೆ. ನೆಲ ಮತ್ತು ಗೋಡೆ ಸೇರುವ ಮೂಲೆಗುಂಟ ಒಂದೊಂದು ಅಡಿಗೆ 12 ಮಿ.ಮೀ. ತೂತು ಕೊರೆಯಬೇಕು. ಪ್ರತಿ ತೂತಿಗೂ ಪಂಪಿನಿಂದ ಔಷಧಿ ಬಿಡಬೇಕು, ಹೆಚ್ಚೆಂದರೆ ಒಂದು ಲೀಟರ್. ಚೌಕಟ್ಟು ಗೋಡೆಗೆ ಸೇರುವಲ್ಲಿ 6 ಮಿ.ಮೀ. ತೂತುಗಳನ್ನು 45 ಡಿಗ್ರಿ ಕೆಳಮುಖವಾಗಿ ಅರ್ಧರ್ಧ ಅಡಿಗೆ ಕೊರೆಯಬೇಕು. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಎಂಬ, ನೀರಿಗೆ ಬೆರೆಸುವ ದ್ರವ ಔಷಧಿ ಬಳಸುವುದಾದರೆ ಲೀಟರ್ ನೀರಿಗೆ 2.1 ಮಿ.ಲೀ. ಲೆಕ್ಕ ಹಾಕಿ: ಹತ್ತು ಅಡಿ ಚೌಕದ ಕೋಣೆಗೆ ಸುಮಾರು 40 ತೂತು, 40 ಲೀಟರ್ ದ್ರಾವಣ, 84 ಮಿ.ಲೀ. ಔಷಧಿ. ಅದೇ ಕೋಣೆಯನ್ನು ಹತ್ತು ಲೀಟರಿನಲ್ಲಿ ಮುಗಿಸುತ್ತೇವೆ ಎನ್ನುವವರನ್ನು ಒಳಗೆ ಬಿಡಬೇಡಿ.

ಕೆಲಸ ಕೆಡುವುದು ಹೆಚ್ಚಾಗಿ ತೂತಿನ ಆಳದಲ್ಲಿ. ಡ್ರಿಲ್ಲಿನ ಬಿಟ್ ಟೈಲ್ಸ್ ದಾಟಿ ಕೆಳಗಿನ ಕಾಂಕ್ರೀಟಿನಲ್ಲೇ ನಿಂತಿದ್ದರೆ ಔಷಧಿ ಒಳಗಿಳಿಯದೆ ಉಕ್ಕಿ ಹೊರಬರುತ್ತದೆ. ಮಣ್ಣು ಮುಟ್ಟಿದಾಗ ಕೊರೆಯುವವರ ಕೈಗೆ ಬಿಟ್ ತಟ್ಟನೆ ಸಡಿಲವಾದದ್ದು ಗೊತ್ತಾಗುತ್ತದೆ, ಅಲ್ಲಿಯವರೆಗೂ ಇಳಿಸಿಸಿ. ಮೊದಲೇ ನೀರಿನ ಪೈಪು, ವೈರು ಹೋದ ದಾರಿಯನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೊನೆಗೆ ತೂತುಗಳಿಗೆ ಬಿಳಿ ಸಿಮೆಂಟ್ ತುಂಬಿ. ಬಾವಿ ಮನೆಗೆ ಹತ್ತಿರವಿದ್ದರೆ ಆ ಬದಿಯ ಮಣ್ಣಿಗೆ ಔಷಧಿ ಬೇಡವೇ ಬೇಡ.

ಬಚ್ಚಲ ಗೋಡೆಯ ತೇವ ನಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಗೆದ್ದಲಿಗೆ ಕರೆ ಕೊಟ್ಟಂತೆಯೇ. ಸೋರುವ ಜಾಯಿಂಟ್ ಸರಿಮಾಡಿಸಿ, ಗೋಡೆಗೆ ಒರಗಿಸಿದ ಸೌದೆ ತೆಗೆಸಿ. ಹೂವಿನ ಪಾತಿಯ ಮಣ್ಣು ಅಡಿಪಾಯದ ಮಟ್ಟಕ್ಕಿಂತ ಮೇಲೆ ಬಂದಿದ್ದರೆ ಇಳಿಸಿ. ಚೌಕಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಬುಡದ ಒಂದಡಿ ಮಾತ್ರ ಮೆತ್ತಗಿದ್ದರೆ ಅಷ್ಟೇ ಕತ್ತರಿಸಿ ಜೋಡಿಸಬಹುದು. ಆದರೆ ಮಣ್ಣಿನ ಚಿಕಿತ್ಸೆ ಮುಗಿಯುವ ಮೊದಲು ಹೊಸ ಮರ ತರಬೇಡಿ.

ಪ್ರಶ್ನೆ: ನಮ್ಮ ದರ್ಶಿನಿಗೆ ಪ್ರತಿ ತಿಂಗಳೂ ಗುತ್ತಿಗೆಯವರು ಬಂದು ಸ್ಪ್ರೇ ಮಾಡುತ್ತಾರೆ. ಮರುದಿನ ಜಿರಳೆಗಳು ಗಿರಾಕಿಗಳ ಕೌಂಟರಿಗೇ ಬರುತ್ತವೆ. ಔಷಧಿ ಕಲಬೆರಕೆಯೆ?
– ಹೋಟೆಲ್ ಮಾಲೀಕರು, ಬೆಂಗಳೂರು

ಉತ್ತರ: ಕಲಬೆರಕೆ ಇರಲಿಕ್ಕಿಲ್ಲ. ತಪ್ಪಿರುವುದು ವಿಧಾನದಲ್ಲಿ. ಅರ್ಧ ಇಂಚಿನ, ತಿಳಿ ಕಂದು ಬಣ್ಣದ, ತಲೆಯ ಹಿಂದೆ ಎರಡು ಕಪ್ಪು ಗೆರೆಯಿರುವ ಜಿರಳೆಯಾದರೆ ಅದು ಜರ್ಮನ್ ಜಿರಳೆ. ಇದು ಚರಂಡಿಯಲ್ಲಿರುವುದಿಲ್ಲ, ನಿಮ್ಮ ಅಡುಗೆಮನೆಯ ಯಂತ್ರಗಳಲ್ಲೇ ಸಂಸಾರ ಹೂಡಿರುತ್ತದೆ. ಹೆಣ್ಣು 30-40 ಮೊಟ್ಟೆಗಳ ಚೀಲವನ್ನು ಮರಿಯಾಗುವವರೆಗೂ ಹಿಂಬದಿಯಲ್ಲಿ ಹೊತ್ತೇ ತಿರುಗುತ್ತದೆ, ಚೀಲದೊಳಕ್ಕೆ ಸ್ಪ್ರೇ ಇಳಿಯುವುದಿಲ್ಲ. ಸಾಮಾನ್ಯ ಸ್ಪ್ರೇಗಳ ಘಾಟಿಗೆ ಉಳಿದವು ಸಂದಿಯಿಂದ ಸಂದಿಗೆ ಚದುರುತ್ತವೆ. ನಿಮ್ಮ ಕೌಂಟರಿನಲ್ಲಿ ಕಂಡದ್ದು ಅದೇ.

ಸ್ಪ್ರೇ ನಿಲ್ಲಿಸಿ. ಅಂಟು ಹಲಗೆಗಳನ್ನು ಮೂರು ರಾತ್ರಿ ಹತ್ತು ಕಡೆ ಇಟ್ಟು ಬಿದ್ದ ಜಿರಳೆ ಎಣಿಸಿ. ಹೆಚ್ಚು ಬಿದ್ದಲ್ಲೇ ಅವುಗಳ ಮನೆ. ಫ್ರಿಜ್ ಬಾಗಿಲಿನ ರಬ್ಬರಿನ ಮಡಿಕೆ, ಕಂಪ್ರೆಸರಿನ ಹಿಂದೆ, ಗ್ರೈಂಡರ್ ಮೋಟಾರಿನ ತಳ, ಸ್ಟೀಲ್ ಮೇಜಿನ ಟೊಳ್ಳು ಕಾಲು, ಸ್ವಿಚ್ ಬೋರ್ಡು, ಗೋಡೆಗೆ ಹೊಡೆದ ತಿಂಡಿಪಟ್ಟಿಯ ಹಿಂಬದಿ, ಹೆಚ್ಚಾಗಿ ಇಲ್ಲೇ ಸಿಗುತ್ತವೆ. ಅಲ್ಲಿ ಜೆಲ್ ಹಚ್ಚಿಸಿ. ಫಿಪ್ರೋನಿಲ್ 0.05 ಅಥವಾ ಇಮಿಡಾಕ್ಲೋಪ್ರಿಡ್ 2.15 ಪರ್ಸೆಂಟ್ ಜೆಲ್ ಸಿಗುತ್ತದೆ. ಚುಕ್ಕೆ ಹೆಸರುಕಾಳಿಗಿಂತ ದೊಡ್ಡದಿರಬಾರದು. ನಾಲ್ಕು ದೊಡ್ಡ ಮುದ್ದೆಗಿಂತ ನಲವತ್ತು ಸಣ್ಣ ಚುಕ್ಕೆ ಮೇಲು, ಏಕೆಂದರೆ ಮರಿಗಳು ಗೂಡಿನಿಂದ ದೂರ ಹೋಗುವುದಿಲ್ಲ. ಜೆಲ್ ತಿಂದ ಜಿರಳೆಯ ಹಿಕ್ಕೆ ತಿಂದೂ ಮರಿಗಳು ಸಾಯುತ್ತವೆ. ಬಿಸಿ ಜಾಗದಲ್ಲಿ ಜೆಲ್ ಒಣಗಿ ಚಕ್ಕೆಯಾಗುತ್ತದೆ, ಜಿಡ್ಡಿನ ಮೇಲೆ ನಿಲ್ಲುವುದಿಲ್ಲ, ರಾತ್ರಿ ನೀರು ಹೊಡೆದು ತೊಳೆಯುವಲ್ಲಿ ಉಳಿಯುವುದಿಲ್ಲ. ಜೆಲ್ ಇಟ್ಟ ಕಡೆ ಸ್ಪ್ರೇ, ಫಿನಾಯಿಲ್ ತಾಗಿದರೆ ಜಿರಳೆ ಮೂಸಿಯೂ ನೋಡುವುದಿಲ್ಲ. ಎರಡು ವಾರ ಬಿಟ್ಟು ಮತ್ತೊಮ್ಮೆ ಹಚ್ಚಿಸಿ, ಆ ಹೊತ್ತಿಗೆ ಹೊತ್ತ ಚೀಲಗಳು ಒಡೆಯುತ್ತಿರುತ್ತವೆ.

ಇವು ನಿಮ್ಮಲ್ಲಿಗೆ ಬಂದದ್ದು ಬಹುಶಃ ರಟ್ಟಿನ ಪೆಟ್ಟಿಗೆ, ಮೊಟ್ಟೆ ಟ್ರೇ, ಈರುಳ್ಳಿ ಚೀಲದ ಜೊತೆ. ಸಾಮಾನನ್ನು ಹೊರಗೇ ಬಿಚ್ಚಿ ಪ್ಲಾಸ್ಟಿಕ್ ಕ್ರೇಟಿಗೆ ಹಾಕಿ ಒಳಗೆ ತನ್ನಿ. ಗ್ರಾನೈಟಿಗೂ ಗೋಡೆಗೂ ನಡುವಿನ ಸಂದಿಗೆ ಸಿಲಿಕೋನ್ ತುಂಬಿ. ಕೆಂಪು ಮಿಶ್ರಿತ ಕಂದಿನ, ಒಂದೂವರೆ ಇಂಚಿನ ದೊಡ್ಡ ಜಿರಳೆ ಕಂಡರೆ ಮಾತ್ರ ಚರಂಡಿ ನೋಡಿ: ಬಳಸದ ನಹನಿ ಟ್ರ್ಯಾಪಿನಲ್ಲಿ (ನೆಲದ ನೀರು ಚರಂಡಿಗೆ ಹೋಗುವ ಜಾಲರಿ ಕಿಂಡಿಯ ಬಾಗಿದ ಪೈಪಿನಲ್ಲಿ) ನಿಂತ ನೀರು ಆರಿಹೋದರೆ ಅದೇ ಅವಕ್ಕೆ ಹೆಬ್ಬಾಗಿಲು. ವಾರಕ್ಕೊಮ್ಮೆ ಒಂದು ಮಗ್ ನೀರು ಸುರಿದರೆ ಸಾಕು.

ಗುತ್ತಿಗೆಯವರ ಬಳಿ 1968ರ ಕೀಟನಾಶಕ ಕಾಯ್ದೆಯಡಿ ಪಡೆದ ಲೈಸೆನ್ಸ್ ಇದೆಯೇ ಕೇಳಿ, ಬಳಸಿದ ಔಷಧಿಯ ಹೆಸರು, ಪ್ರಮಾಣವನ್ನು ಒಂದು ಪುಸ್ತಕದಲ್ಲಿ ಬರೆಸಿಕೊಳ್ಳಿ. ಆಹಾರ ಪರವಾನಗಿಯ 2011ರ ನಿಯಮಗಳ ನಾಲ್ಕನೇ ಪರಿಶಿಷ್ಟದಲ್ಲಿ ಕೀಟ ನಿಯಂತ್ರಣವೂ ಸೇರಿದೆ. ತಪಾಸಣೆಗೆ ಬಂದಾಗ ಆ ಪುಸ್ತಕ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: ಪಿಜಿಯ ಒಂದು ಕೋಣೆಯಲ್ಲಿ ತಿಗಣೆ. ಖಾಲಿ ಮಾಡಿಸಿ ತಿಂಗಳು ಬೀಗ ಹಾಕಿದರೆ ಸಾಯುತ್ತವೆಯೆ?
– ಪಿಜಿ ನಡೆಸುವವರು, ಹುಬ್ಬಳ್ಳಿ

ಉತ್ತರ: ಇಲ್ಲ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ, ಅಷ್ಟರಲ್ಲಿ ಪಕ್ಕದ ಕೋಣೆಗೆ ದಾಟುತ್ತವೆ. ಎರಡೂ ಪಕ್ಕದ, ಮೇಲಿನ, ಕೆಳಗಿನ ಕೋಣೆಗಳನ್ನೂ ಅದೇ ದಿನ ನೋಡಿಸಿ. ಹಾಸಿಗೆಯ ಹೊಲಿಗೆಗುಂಟ ಶಾಯಿ ಚಿಮುಕಿಸಿದಂಥ ಕಪ್ಪು ಚುಕ್ಕೆಗಳಿದ್ದರೆ ಅಲ್ಲಿವೆ. ಬೆಳೆದ ತಿಗಣೆ ಉದ್ದಿನಕಾಳಿನಷ್ಟಿರುತ್ತದೆ. ಕಬ್ಬಿಣದ ಮಂಚದ ಪೈಪಿನ ತುದಿಯ ಮುಚ್ಚಳ ಬಿದ್ದಿದ್ದರೆ ಪೈಪಿನ ಒಳಗೇ ತುಂಬಿರುತ್ತವೆ, ಅದನ್ನು ಮರೆಯುವವರೇ ಹೆಚ್ಚು.

ಹೊದಿಕೆ, ಬಟ್ಟೆಗಳನ್ನು 60 ಡಿಗ್ರಿ ನೀರಿನಲ್ಲಿ ಒಗೆಸಿ. ಮಂಚ, ಹೊಲಿಗೆ, ಪೈಪಿನ ಬಾಯಿಗೆ ಸ್ಟೀಮ್ ಕೊಡಿಸಿ, ಹತ್ತು ಸೆಕೆಂಡಿಗೆ ಒಂದಡಿಗಿಂತ ವೇಗವಾಗಿ ಸರಿಸಿದರೆ ಕೆಲಸವಾಗುವುದಿಲ್ಲ. ಆಮೇಲೆ ಪೈಪಿನ ಬಾಯಿ ಮುಚ್ಚಿ. ಹೊಗೆ ಬಿಡುವ ಔಷಧಿ ಸಂದಿಗೆ ಇಳಿಯುವುದಿಲ್ಲ. ಉಳಿದ ಮೊಟ್ಟೆ ಆರರಿಂದ ಹತ್ತು ದಿನದಲ್ಲಿ ಒಡೆಯುತ್ತದೆ, ಆದ್ದರಿಂದ ಎರಡು ವಾರದೊಳಗೆ ಎರಡನೇ ಸುತ್ತು ಕಡ್ಡಾಯ. ಔಷಧಿ ಹೊಡೆಸಿದ ಕೋಣೆಯಲ್ಲಿ ಅದೇ ರಾತ್ರಿ ಹುಡುಗರನ್ನು ಮಲಗಿಸಬೇಡಿ, ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು ಕಿಟಕಿ ತೆರೆದಿಡಿ. ಅವರ ಪ್ರಾಣದ ಹೊಣೆ ನಿಮ್ಮದು.

ಪ್ರಶ್ನೆ: ಕಿರಾಣಿ ಅಂಗಡಿಯಲ್ಲಿ ಇಲಿ ಕಾಟ. ಬೋನಿಟ್ಟರೂ ಬೀಳುವುದಿಲ್ಲ.
– ವ್ಯಾಪಾರಿ, ದಾವಣಗೆರೆ

ಉತ್ತರ: ದೊಡ್ಡ ಇಲಿ ಹೊಸ ವಸ್ತು ಕಂಡರೆ ಹೆದರುತ್ತದೆ. ಬೋನನ್ನು ಗೋಡೆಗೆ ತಾಗಿಸಿ, ಕೊಬ್ಬರಿ ಚೂರು ಇಟ್ಟು, ಮೂರು ನಾಲ್ಕು ದಿನ ಬಾಗಿಲು ಬೀಳದಂತೆ ಕಟ್ಟಿಡಿ. ತಿನ್ನುವ ರೂಢಿಯಾದ ಮೇಲೆ ಬಿಚ್ಚಿ. ಶಟರಿನ ಎರಡು ಮೂಲೆಗಳನ್ನು ನೋಡಿ: ಪೆನ್ಸಿಲ್ ತೂರುವ ಸಂದಿಯಲ್ಲಿ ಚಿಟ್ಟಿಲಿ, ಹೆಬ್ಬೆರಳು ತೂರುವಲ್ಲಿ ದೊಡ್ಡ ಇಲಿ ನುಗ್ಗುತ್ತದೆ. ತಗಡಿನ ಪಟ್ಟಿ ಹೊಡೆಸಿ. ಬಿಲಕ್ಕೆ ಗಾಜಿನ ಚೂರು ಕಲಸಿದ ಸಿಮೆಂಟ್ ಗಾರೆ ತುಂಬಿ. ಮೂಟೆಗಳು ಗೋಡೆಯಿಂದ ಒಂದೂವರೆ ಅಡಿ, ನೆಲದಿಂದ ಅರ್ಧ ಅಡಿ ಇರಲಿ, ಆಗ ಹಿಕ್ಕೆ ಕಣ್ಣಿಗೆ ಬೀಳುತ್ತದೆ. ಅದನ್ನು ಒಣಗಿದ್ದಂತೆ ಗುಡಿಸಬೇಡಿ, ಬ್ಲೀಚಿಂಗ್ ನೀರು ಚಿಮುಕಿಸಿ ಕೈಗವಸು ಹಾಕಿ ತೆಗೆಯಿರಿ. ಇಲಿಜ್ವರ ಮೂತ್ರದಿಂದಲೇ ಹರಡುತ್ತದೆ. ಆಹಾರವಿರುವ ಕಡೆ ವಿಷದ ಬಿಲ್ಲೆ ಬೇಡ.

ಪ್ರಶ್ನೆ: ತೊಗರಿಬೇಳೆ, ಅಕ್ಕಿಗೆ ಪದೇ ಪದೇ ಹುಳು ಬೀಳುತ್ತದೆ. ಅಂಗಡಿಯವರು ಡ್ರಮ್ಮಿಗೆ ಹಾಕಲು ಮಾತ್ರೆ ಕೊಟ್ಟಿದ್ದಾರೆ. ಹಾಕಬಹುದೆ?
– ಓದುಗರು, ತುಮಕೂರು

ಉತ್ತರ: ದಯವಿಟ್ಟು ಹಾಕಬೇಡಿ. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೇ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಮದ್ದಿಲ್ಲ. ಬಾಗಿಲ ಸಂದಿಯಿಂದ ಮಲಗುವ ಕೋಣೆಗೂ ಪಕ್ಕದ ಮನೆಗೂ ಹೋಗುತ್ತದೆ. ಮನೆಬಳಕೆಗೆ ಅದನ್ನು ಮಾರುವಂತೆಯೇ ಇಲ್ಲ.

ಬೇಳೆಯನ್ನು ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸಿ, ತಣ್ಣಗಾದ ಮೇಲೆ ಕಿಲೋಗೆ ಒಂದು ಟೀ ಚಮಚ ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿ. ಅಕ್ಕಿಹುಳು ಕಾಳಿನೊಳಗೇ ಮೊಟ್ಟೆಯಿಡುವುದರಿಂದ ಜರಡಿ ಹಿಡಿದರೆ ಸಾಲದು. ಸ್ವಲ್ಪವೇ ಇದ್ದರೆ ಪೊಟ್ಟಣ ಕಟ್ಟಿ ನಾಲ್ಕು ದಿನ ಫ್ರೀಜರಿನಲ್ಲಿಡಿ, ಹೊರತೆಗೆದು ಪೂರ್ತಿ ಬೆಚ್ಚಗಾದ ಮೇಲೆಯೇ ಬಿಚ್ಚಿ, ಇಲ್ಲವಾದರೆ ಬೆವರಿ ಬೂಸ್ಟು ಹಿಡಿಯುತ್ತದೆ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ.

ಮಾತ್ರೆ ಈಗಾಗಲೇ ಹಾಕಿದ್ದರೆ ಡ್ರಮ್ಮಿನ ಮುಚ್ಚಳ ತೆರೆದು ಮೂಸಬೇಡಿ, ನೀರಂತೂ ಹಾಕಲೇಬೇಡಿ, ಅನಿಲ ಇನ್ನೂ ಜೋರಾಗಿ ಬರುತ್ತದೆ. ಮಕ್ಕಳನ್ನು ಕರೆದುಕೊಂಡು ಎಲ್ಲರೂ ಹೊರಗೆ ಬನ್ನಿ, ಅಕ್ಕಪಕ್ಕದವರಿಗೆ ಹೇಳಿ, 112ಕ್ಕೆ ಕರೆ ಮಾಡಿ. ಯಾರಿಗಾದರೂ ವಾಂತಿ, ಉಸಿರುಕಟ್ಟು, ಎದೆಬಿಗಿತ ಕಂಡರೆ ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಹೆಸರು ಬರೆದುಕೊಂಡು ಹೋಗಿ.