ಹಳೆಯ ಹೀರೋನನ್ನು ಹೊಸ ಸಿನಿಮಾ ಬದಲಿಸಿದರೆ ಅಭಿಮಾನಿಗಳು ಯಾಕೆ ಎರಡು ಪಾಲಾಗುತ್ತಾರೆ?

ಪಾತ್ರದ ಮುಂದಿನ ಕಥೆಯನ್ನು ಅಭಿಮಾನಿಗಳು ಆಗಲೇ ತಲೆಯಲ್ಲಿ ಬರೆದುಕೊಂಡಿರುತ್ತಾರೆ. ಸಿನಿಮಾ ಬೇರೆ ಕಥೆ ಹೇಳಿದರೆ ಜಗಳ ಶುರು.

ಹಾಲಿವುಡ್‌ನ ‘ಸ್ಟಾರ್ ವಾರ್ಸ್’ ಸಿನಿಮಾ ಸರಣಿ ನೋಡಿ. 1983ರ ಸಿನಿಮಾದಲ್ಲಿ ಹೀರೋ ಲ್ಯೂಕ್ ಸ್ಕೈವಾಕರ್ ಕೆಟ್ಟುಹೋದ ತಂದೆಯನ್ನೂ ಕೈಬಿಡಲಿಲ್ಲ. 2017ರ ‘ದಿ ಲಾಸ್ಟ್ ಜೆಡೈ’ಯಲ್ಲಿ ಅದೇ ಲ್ಯೂಕ್ ದೂರದ ದ್ವೀಪವೊಂದರಲ್ಲಿ ಮುಖ ಮರೆಸಿಕೊಂಡು ಕೂತಿದ್ದಾನೆ. ಸಾಲದ್ದಕ್ಕೆ, ತನ್ನ ಶಿಷ್ಯನೇ ಆಗಿದ್ದ ಸೋದರಳಿಯ ಮಲಗಿದ್ದಾಗ ಅವನ ಮೇಲೆ ಒಂದು ಕ್ಷಣ ಕತ್ತಿಯನ್ನೂ ಎತ್ತಿದ್ದ! ಸೋತ ಗುರುವಿನ ಕಥೆ ಚೆನ್ನಾಗಿದೆ ಎಂದರು ಕೆಲವರು. ಇವನು ನಮ್ಮ ಲ್ಯೂಕೇ ಅಲ್ಲ ಎಂದರು ಉಳಿದವರು. ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್‌ಗೂ ಮೊದಲು ಇದು ಒಪ್ಪಿಗೆಯಾಗಿರಲಿಲ್ಲ. ನನ್ನ ಪ್ರಕಾರ ಬದಲಾವಣೆ ತಪ್ಪಲ್ಲ. ಆದರೆ ಅವನು ಹೀಗೇಕಾದ ಅನ್ನೋದನ್ನು ಚಿಕ್ಕ ಫ್ಲ್ಯಾಶ್‌ಬ್ಯಾಕ್‌ಗಳಲ್ಲೇ ಮುಗಿಸಿಬಿಟ್ಟರು.

ಕೆಲವೊಮ್ಮೆ ಸಿನಿಮಾ ಬರೋ ಮೊದಲೇ ತಕರಾರು. ನಟ ಡೇನಿಯಲ್ ಕ್ರೇಗ್ ಹೊಸ ಜೇಮ್ಸ್ ಬಾಂಡ್ ಆದಾಗ ಕೂದಲ ಬಣ್ಣಕ್ಕೂ ಗಲಾಟೆಯಾಯಿತು. 2006ರಲ್ಲಿ ಸಿನಿಮಾ ಬಂದ ಮೇಲೆ ಬಹಳಷ್ಟು ಜನ ಸುಮ್ಮನಾದರು.

ಹುಬ್ಬಳ್ಳಿ-ಗದಗ ಕಡೆಯ ನಮಗೆ ಪಾತ್ರ ಬದಲಿಸೋದು ಹೊಸದೇನಲ್ಲ, ಅಲ್ವಾ? ಅಣ್ಣಿಗೇರಿಯ ನಂಟಿನ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಗದುಗಿನ ಕುಮಾರವ್ಯಾಸನಲ್ಲಿ ಆಕೆ ಐವರ ಹೆಂಡತಿ. ಇಬ್ಬರನ್ನೂ ಓದುತ್ತೇವೆ, ಯಾರೂ ಕಿತ್ತಾಡಲ್ಲ. ಯಾಕಂದ್ರೆ ಪಂಪನದು ಪಂಪನ ಭಾರತ, ಅದು ಇನ್ನೊಂದನ್ನು ಅಳಿಸಲ್ಲ. ಸ್ಟಾರ್ ವಾರ್ಸ್‌ನಂಥ ಫ್ರಾಂಚೈಸಿ, ಅಂದ್ರೆ ಒಂದೇ ಕಥೆ ಮುಂದುವರಿಸೋ ಸಿನಿಮಾ ಸರಣಿ, ಮಾತ್ರ ‘ನೀವು ಪ್ರೀತಿಸಿದ ಲ್ಯೂಕ್‌ಗೆ ಮುಂದೆ ಆಗಿದ್ದು ಇದೇ’ ಅಂತ ಅಧಿಕೃತವಾಗಿ ಹೇಳುತ್ತದೆ. ಜಾಸ್ತಿ ಸಿಟ್ಟು ಬರೋದು ಅದಕ್ಕೇ.